ಅಂಗೈ ಇಂಜಿನ್ನಿಗೆ ನೂರು ಟನ್ನಿನ ಸದ್ದು



ಡಬ್ಲ್ಯುಡಿಎಂ-2 ಎಂಬ ಡೀಸೆಲ್ ಇಂಜಿನ್ನನ್ನು ದಾವಣಗೆರೆ, ಹರಿಹರದ ಕಡೆಯ ನೀವು ಹೆಸರಿನಿಂದ ಗುರುತಿಸದಿದ್ದರೂ ಸದ್ದಿನಿಂದ ಗುರುತಿಸಬಲ್ಲಿರಿ. ಅದರ ಉದ್ದ 17 ಮೀಟರು ಚಿಲ್ಲರೆ, ತೂಕ 112 ಟನ್ನಿಗೂ ಮೇಲೆ. ಮಾದರಿ ರೈಲು ಕಟ್ಟುವ ಹವ್ಯಾಸದವರು ಇದನ್ನು ಎಚ್‌ಒ ಎಂಬ ಅಳತೆಗೆ, ಎಂದರೆ 87ರಲ್ಲಿ ಒಂದು ಪಾಲಿಗೆ, ಇಳಿಸುತ್ತಾರೆ. ಆಗ ಉದ್ದ 20 ಸೆಂಟಿಮೀಟರಿಗೆ ಬರುತ್ತದೆ. ತೂಕದ ಲೆಕ್ಕ ಬೇರೆ. ಉದ್ದ, ಅಗಲ, ಎತ್ತರ ಮೂರೂ 87 ಪಟ್ಟು ಕುಗ್ಗುವುದರಿಂದ ತೂಕ ಆರೂವರೆ ಲಕ್ಷ ಪಟ್ಟು ಇಳಿಯುತ್ತದೆ. ಲೆಕ್ಕದ ಪ್ರಕಾರ ಉಳಿಯುವುದು 170 ಗ್ರಾಂ. ಕಾರ್ಖಾನೆಯವರು ಒಳಗೆ ಲೋಹದ ತುಂಡು ಇಟ್ಟು ತೂಕ ಒಂದಿಷ್ಟು ಏರಿಸಿದರೂ, ನಿಜವಾದ ಇಂಜಿನ್ ಪಕ್ಕದಲ್ಲಿ ಹಾದುಹೋದಾಗ ಕಾಲ ಕೆಳಗಿನ ನೆಲಕ್ಕೆ ಆಗುವ ಅನುಭವ ಮೇಜಿನ ಮೇಲೆ ಆಗುವುದಿಲ್ಲ.

ಆ ಕಳೆದುಹೋದ ಭಾರವನ್ನು ಮರಳಿ ತರುವ ಒಂದೇ ಉಪಾಯ ಸದ್ದು. ಮಾದರಿ ಡೀಸೆಲ್ ಇಂಜಿನ್ನಿನ ಹೊಟ್ಟೆಯೊಳಗೆ ಸದ್ದಿನ ಡಿಕೋಡರ್ ಕೂರಿಸುವುದು ಹೇಗೆ, ಕೂರಿಸಿದ ಮೇಲೆ ಗಾಡಿ ಓಡಿಸುವುದು ಹೇಗೆ ಎಂಬುದನ್ನು ಇವತ್ತು ಹೇಳುತ್ತೇನೆ. ದಾವಣಗೆರೆಯ ಪಿ.ಜೆ. ಬಡಾವಣೆಯ ಮಹಡಿ ಕೋಣೆಯೊಂದರಲ್ಲಿ ಹಲಗೆಯ ಮೇಲೆ ಹಳಿ ಹಾಕಿಕೊಂಡು ಇಂಥ ಕೆಲಸ ಮಾಡುವವನು ನಾನು. ಮನೆಯವರ ತಾಳ್ಮೆಗೆ ಮೊದಲ ವಂದನೆ.

ಡಿಕೋಡರ್ ಎಂದರೆ ಬೆರಳಿನಗಲದ ಒಂದು ಸರ್ಕ್ಯೂಟ್ ಬೋರ್ಡು. ಅದರ ಅಗತ್ಯ ಏಕೆ ಬಂತು? ಹಳೆಯ ಪದ್ಧತಿಯಲ್ಲಿ ಎರಡು ಹಳಿಗೂ ನೇರ ವಿದ್ಯುತ್ತು ಕೊಡುತ್ತಿದ್ದರು. ವೋಲ್ಟೇಜು ಏರಿಸಿದರೆ ಗಾಡಿ ಓಡುತ್ತದೆ, ಇಳಿಸಿದರೆ ನಿಲ್ಲುತ್ತದೆ. ಹಳಿಯ ಮೇಲೆ ಎರಡು ಇಂಜಿನ್ ಇದ್ದರೆ ಎರಡೂ ಒಟ್ಟಿಗೇ ಓಡುತ್ತವೆ. ನಿಂತ ಇಂಜಿನ್ನಿಗೆ ದೀಪವೂ ಇಲ್ಲ, ಸದ್ದೂ ಇಲ್ಲ, ಏಕೆಂದರೆ ಹಳಿಯಲ್ಲಿ ಕರೆಂಟೇ ಇಲ್ಲ. 1980ರ ದಶಕದಲ್ಲಿ ಜರ್ಮನಿಯ ಬರ್ಂಡ್ ಲೆನ್ಸ್ ರೂಪಿಸಿದ ಡಿಜಿಟಲ್ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಎನ್‌ಎಂಆರ್‌ಎ ಎಂಬ ಮಾದರಿ ರೈಲು ಸಂಘ 1990ರ ದಶಕದಲ್ಲಿ ಡಿಸಿಸಿ ಎಂಬ ಮಾನದಂಡ ಮಾಡಿತು. ಇದರಲ್ಲಿ ಹಳಿಗೆ ಸದಾ ಪೂರ್ಣ ವೋಲ್ಟೇಜು ಇರುತ್ತದೆ. ಎಚ್‌ಒ ಅಳತೆಗೆ ಸಾಮಾನ್ಯವಾಗಿ 14-15 ವೋಲ್ಟು. ಆ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ, ಆ ಬದಲಾವಣೆಯಲ್ಲೇ ಆಜ್ಞೆ ಅಡಗಿರುತ್ತದೆ. ಅರ್ಧ ಅಲೆ 58 ಮೈಕ್ರೊಸೆಕೆಂಡು ಇದ್ದರೆ ಅದು ಒಂದು. ಸುಮಾರು 100 ಮೈಕ್ರೊಸೆಕೆಂಡು ಇದ್ದರೆ ಸೊನ್ನೆ. ಪ್ರತಿ ಇಂಜಿನ್ನಿಗೂ ಒಂದು ಸಂಖ್ಯೆ ಇರುತ್ತದೆ. ತನ್ನ ಸಂಖ್ಯೆ ಬಂದಾಗ ಮಾತ್ರ ಡಿಕೋಡರ್ ಕಿವಿಗೊಡುತ್ತದೆ. ಹಳಿಯಲ್ಲಿ ಸದಾ ವಿದ್ಯುತ್ತು ಇರುವುದರಿಂದಲೇ ಇಂಜಿನ್ ನಿಂತಲ್ಲೇ ನಿಂತು ಗುರುಗುಟ್ಟುವುದು ಸಾಧ್ಯವಾಯಿತು.

ಈಗ ಸದ್ದಿನ ವಿಷಯ. ನಮ್ಮ ಮಾರ್ಗದಲ್ಲಿ ಮೀಟರ್ ಗೇಜ್ ಇದ್ದ ಕಾಲದಲ್ಲಿ ವೈಡಿಎಂ-4 ಇಂಜಿನ್‌ಗಳು ಬರುತ್ತಿದ್ದವು. ಆರು ಸಿಲಿಂಡರಿನ ಆಲ್ಕೊ ಯಂತ್ರ. 1990ರ ದಶಕದಲ್ಲಿ ಬ್ರಾಡ್ ಗೇಜ್ ಆದ ಮೇಲೆ ಹದಿನಾರು ಸಿಲಿಂಡರಿನ ಡಬ್ಲ್ಯುಡಿಎಂ-2 ಬಂತು. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ, 2600 ಅಶ್ವಶಕ್ತಿ. ವಾರಾಣಸಿಯ ಕಾರ್ಖಾನೆಯಲ್ಲಿ ಮೊದಲನೆಯದು ಹೊರಬಂದದ್ದು 1964ರ ಜನವರಿಯಲ್ಲಿ. ಅದರ ಹಿಂದೆ ಬಂದದ್ದು ಡಬ್ಲ್ಯುಡಿಜಿ-4. ಇದು ಅಮೆರಿಕದ ಇನ್ನೊಂದು ಕಂಪನಿ ಇಎಂಡಿಯದು, 4000 ಅಶ್ವಶಕ್ತಿ. 1999ರಲ್ಲಿ ಹಡಗಿನಲ್ಲಿ ಬಂದ ಮೊದಲ ಇಂಜಿನ್‌ಗಳಿಗೆ ಮನೆಯಾದದ್ದು ನಮ್ಮ ಹುಬ್ಬಳ್ಳಿಯ ಡೀಸೆಲ್ ಶೆಡ್. ಚಿಕ್ಕಜಾಜೂರಿನ ಕಡೆಯಿಂದ ಅದಿರು ಹೊತ್ತು ಬರುತ್ತಿದ್ದ ಗೂಡ್ಸ್ ಗಾಡಿಯ ಮುಂದೆ ಜೋಡಿಯಾಗಿ ನಿಂತ ಅವನ್ನು ನೋಡಿರುತ್ತೀರಿ.

ಆಲ್ಕೊ, ಇಎಂಡಿ ಈ ಎರಡರ ಸದ್ದು ಬೇರೆಬೇರೆ ಏಕೆ? ಆಲ್ಕೊ ಯಂತ್ರ ನಾಲ್ಕು ಹೊಡೆತದ್ದು, ಫೋರ್ ಸ್ಟ್ರೋಕ್. ನಿಂತಾಗ ನಿಮಿಷಕ್ಕೆ 400 ಸುತ್ತು. ಹದಿನಾರು ಸಿಲಿಂಡರೂ ಒಂದೊಂದು ಬಾರಿ ಸಿಡಿಯಲು ಎರಡು ಸುತ್ತು ಬೇಕು. ಹಾಗಾಗಿ ಸೆಕೆಂಡಿಗೆ 53 ಸಿಡಿತ. ಆದರೆ ಹದಿನಾರೂ ಸಿಲಿಂಡರು ಒಂದೇ ಬಲದಿಂದ ಸಿಡಿಯುವುದಿಲ್ಲ. ಹಳೆಯ ಇಂಜಿನ್ನಿನಲ್ಲಂತೂ ಇಲ್ಲವೇ ಇಲ್ಲ. ಆ ಹೆಚ್ಚುಕಡಿಮೆ ಎರಡು ಸುತ್ತಿಗೊಮ್ಮೆ, ಸೆಕೆಂಡಿಗೆ ಮೂರು ಬಾರಿಗೂ ಸ್ವಲ್ಪ ಮೇಲೆ, ಮರುಕಳಿಸುತ್ತದೆ. ಅದೇ ಪ್ಲಾಟ್‌ಫಾರಂ ಮೇಲೆ ನಿಂತಾಗ ಎದೆಗೆ ತಟ್ಟುವ ದಡದಡ ತಾಳ. ಇಎಂಡಿ ಯಂತ್ರ ಎರಡು ಹೊಡೆತದ್ದು. ಪ್ರತಿ ಸುತ್ತಿಗೂ ಹದಿನಾರು ಸಿಲಿಂಡರು ಸಿಡಿಯುತ್ತವೆ. ಪೂರ್ಣ ಶಕ್ತಿಯಲ್ಲಿ ನಿಮಿಷಕ್ಕೆ 900 ಸುತ್ತಿನ ಆಸುಪಾಸು ಎಂದರೆ ಸೆಕೆಂಡಿಗೆ 240 ಸಿಡಿತ. ಅಲ್ಲಿ ತಾಳ ಕರಗಿ ಒಂದೇ ದಪ್ಪ ಝೇಂಕಾರವಾಗುತ್ತದೆ, ಅದರ ಮೇಲೆ ಟರ್ಬೊದ ಕೀರಲು. ಆದ್ದರಿಂದ ಡಿಕೋಡರ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ಒಳಗೆ ಯಾವ ಯಂತ್ರದ ಸದ್ದು ತುಂಬಿದೆ ಎಂಬುದು. ಆಲ್ಕೊ 251 ಎಂದು ಬರೆದಿದ್ದರೆ ಡಬ್ಲ್ಯುಡಿಎಂ-2ಕ್ಕೆ ಹೊಂದುತ್ತದೆ, ಇಎಂಡಿ 710 ಎಂದಿದ್ದರೆ ಡಬ್ಲ್ಯುಡಿಜಿ-4ಕ್ಕೆ. ಅಮೆರಿಕದ ಇಂಜಿನ್‌ಗಳಲ್ಲಿ ರೆಕಾರ್ಡ್ ಮಾಡಿದ್ದಾದರೂ ಯಂತ್ರದ ಮನೆತನ ಒಂದೇ. ಹಾರ್ನ್ ಮಾತ್ರ ನಮ್ಮದಲ್ಲ. ಅಮೆರಿಕದ ಇಂಜಿನ್‌ನಲ್ಲಿರುವ ಗಂಟೆ ನಮ್ಮಲ್ಲಿ ಇಲ್ಲ. ಕಂಟ್ರೋಲರಿನಲ್ಲಿ ಅದಕ್ಕಿರುವ ಗುಂಡಿಯನ್ನು ಬೇರೆ ಸದ್ದಿಗೆ ಕೊಡಬಹುದು.

ಸರಿ, ಇಂಜಿನ್ನಿನ ಮೇಲ್ಕವಚ ಬಿಚ್ಚೋಣ. ಹೊಸ ಮಾದರಿಗಳಲ್ಲಿ 8 ಪಿನ್ನಿನ ಅಥವಾ 21 ಪಿನ್ನಿನ ಸಾಕೆಟ್ ಇರುತ್ತದೆ. ಡಿಕೋಡರನ್ನು ಅದಕ್ಕೆ ಒತ್ತಿದರೆ ಮುಗಿಯಿತು. ಹಳೆಯದಾದರೆ ತಂತಿ ತಂತಿಯನ್ನೂ ಸೋಲ್ಡರ್ ಮಾಡಬೇಕು. ಬಣ್ಣಗಳು ಎನ್‌ಎಂಆರ್‌ಎ ನಿಗದಿ ಮಾಡಿದ್ದು, ಯಾವ ಕಂಪನಿಯದಾದರೂ ಬಹುಪಾಲು ಇವೇ. ಕೆಂಪು ಬಲ ಹಳಿಯಿಂದ, ಕಪ್ಪು ಎಡ ಹಳಿಯಿಂದ ವಿದ್ಯುತ್ತು ತರುತ್ತವೆ. ಕಿತ್ತಳೆ ಮತ್ತು ಬೂದು ಮೋಟರಿಗೆ ಹೋಗುತ್ತವೆ. ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ, ನೀಲಿ ಎಲ್ಲ ದೀಪಗಳಿಗೂ ಸೇರಿದ ಧನ ತಂತಿ. ಎಲ್‌ಇಡಿ ದೀಪವಾದರೆ ಒಂದು ಕಿಲೊಓಂ ಆಸುಪಾಸಿನ ರೆಸಿಸ್ಟರ್ ಹಾಕದೆ ಜೋಡಿಸಬೇಡಿ.

ಇದರಲ್ಲಿ ಒಂದು ನಿಯಮ ಉಳಿದೆಲ್ಲಕ್ಕಿಂತ ದೊಡ್ಡದು. ಮೋಟರಿನ ಎರಡು ಬ್ರಷ್‌ಗಳಲ್ಲಿ ಯಾವುದೂ ಹಳಿಯನ್ನಾಗಲಿ, ಲೋಹದ ಚಾಸಿಯನ್ನಾಗಲಿ ನೇರವಾಗಿ ಮುಟ್ಟಿರಬಾರದು. ಹಳೆಯ ಮಾದರಿಗಳಲ್ಲಿ ಒಂದು ಬ್ರಷ್ ಚಾಸಿಗೇ ಕೂತಿರುತ್ತದೆ; ಆಗಿನ ಪದ್ಧತಿಗೆ ಅದು ಸರಿ. ಹಾಗೇ ಬಿಟ್ಟು ಡಿಕೋಡರ್ ಹಾಕಿದರೆ ಹಳಿಯ ವಿದ್ಯುತ್ತು ಹಿಂಬಾಗಿಲಿನಿಂದ ಡಿಕೋಡರಿನೊಳಕ್ಕೆ ನುಗ್ಗಿ ಕ್ಷಣದಲ್ಲಿ ಸುಟ್ಟುಹಾಕುತ್ತದೆ. ಮಲ್ಟಿಮೀಟರಿನಲ್ಲಿ ಬೀಪ್ ಸದ್ದಿನ ಕಡೆ ತಿರುಗಿಸಿ, ಒಂದು ಕಡ್ಡಿ ಬ್ರಷ್‌ಗೆ, ಇನ್ನೊಂದು ಚಕ್ರಕ್ಕೆ ಹಿಡಿಯಿರಿ. ಬೀಪ್ ಬಂದರೆ ಇನ್ನೂ ಬಿಡಿಸಬೇಕು. ಜೊತೆಗೆ, 12 ವೋಲ್ಟು ಕೊಟ್ಟು ಚಕ್ರ ತಿರುಗದಂತೆ ಒಂದೆರಡು ಸೆಕೆಂಡು ಒತ್ತಿ ಹಿಡಿದು ಮೋಟರು ಎಷ್ಟು ಆಂಪಿಯರ್ ಎಳೆಯುತ್ತದೆಂದು ನೋಡಿಕೊಳ್ಳಿ. ಎಚ್‌ಒ ಡಿಕೋಡರುಗಳು ಸಾಮಾನ್ಯವಾಗಿ ಒಂದು ಆಂಪಿಯರ್ ಆಸುಪಾಸು ತಡೆಯುತ್ತವೆ. ಮೋಟರು ಅದಕ್ಕಿಂತ ಹೆಚ್ಚು ಎಳೆದರೆ ಮೊದಲು ಮೋಟರು ಬದಲಿಸಬೇಕು.

ಇನ್ನು ಸ್ಪೀಕರ್. ಜಾಗ ಎಲ್ಲಿ? ಡಬ್ಲ್ಯುಡಿಎಂ-2ರಲ್ಲಿ ಮುಂದಿನ, ಹಿಂದಿನ ಚಕ್ರಗಳ ಗುಂಪಿನ ನಡುವೆ ತೂಗುವ ಡೀಸೆಲ್ ಟ್ಯಾಂಕು ಒಂದು ಜಾಗ. ರೇಡಿಯೇಟರ್ ಫ್ಯಾನಿನ ಜಾಲರಿಯ ಕೆಳಗೆ ಇನ್ನೊಂದು. ಅಲ್ಲಿ ಲೋಹದ ತೂಕದ ತುಂಡು ಇದ್ದರೆ ಅರದಿಂದ ತಿಕ್ಕಿ ಜಾಗ ಮಾಡುತ್ತಾರೆ. ತಿಕ್ಕಿದಷ್ಟೂ ಇಂಜಿನ್ ಹಗುರವಾಗಿ ಎಳೆಯುವ ಶಕ್ತಿ ಕಳೆದುಕೊಳ್ಳುತ್ತದೆ ಎಂಬುದನ್ನೂ ನೆನಪಿಡಬೇಕು. ಸ್ಪೀಕರ್ 4 ಓಮ್‌ನದೋ 8 ಓಮ್‌ನದೋ ಎಂಬುದು ಡಿಕೋಡರಿನ ಕಾಗದದಲ್ಲಿ ಬರೆದಿರುತ್ತದೆ. 8 ಎಂದಿರುವ ಕಡೆ 4 ಹಾಕಿದರೆ ಡಿಕೋಡರಿನ ಆಂಪ್ಲಿಫೈಯರು ಬಿಸಿಯಾಗಿ ಹೋಗುತ್ತದೆ.

ರೇಡಿಯೊ ರಿಪೇರಿ ಮಾಡುವ ಯಾರನ್ನು ಕೇಳಿದರೂ ಸ್ಪೀಕರಿಗಿಂತ ಮೊದಲು ಡಬ್ಬಿಯ ಮಾತೆತ್ತುತ್ತಾರೆ. ಸ್ಪೀಕರಿನ ಪೊರೆ ಮುಂದೆ ಗಾಳಿಯನ್ನು ಒತ್ತಿದಾಗ ಹಿಂದೆ ಗಾಳಿ ಸೆಳೆಯಲ್ಪಡುತ್ತದೆ. ಎರಡೂ ಅಂಚಿನಲ್ಲಿ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ. ಮಂದ್ರದ ಸದ್ದು ಮೊದಲು ಹೋಗುತ್ತದೆ. ಡಬ್ಬಿ ಹಿಂದಿನ ಗಾಳಿಯನ್ನು ಕಟ್ಟಿಹಾಕುತ್ತದೆ. ಪರೀಕ್ಷೆ ಬೇಕಾದರೆ, ಹಾಡುತ್ತಿರುವ ಬರಿಯ ಸ್ಪೀಕರಿನ ಬೆನ್ನಿಗೆ ಖಾಲಿ ಬೆಂಕಿಪೊಟ್ಟಣವನ್ನು ಒತ್ತಿ ನೋಡಿ. ಸೊಳ್ಳೆಯ ದನಿ ಇದ್ದದ್ದು ಒಮ್ಮೆಗೇ ತುಂಬಿಕೊಳ್ಳುತ್ತದೆ. ಮೊಬೈಲ್ ಫೋನಿನಲ್ಲಿ ಬರುವಂಥ, ಸಕ್ಕರೆ ಅಚ್ಚಿನಷ್ಟೇ ಗಾತ್ರದ ಸ್ಪೀಕರುಗಳು ಈಗ ಡಬ್ಬಿಯ ಸಮೇತ ಸಿಗುತ್ತವೆ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನೀವೇ ಕಟ್ಟುವುದಾದರೆ ಮೂಲೆ ಮೂಲೆಗೂ ಅಂಟು ತುಂಬಿ, ಗಾಳಿ ಸೋರಬಾರದು. ಎರಡು ಸ್ಪೀಕರ್ ಹಾಕಿದರೆ ಎರಡರ ಪೊರೆಯೂ ಒಟ್ಟಿಗೆ ಮುಂದೆ ಬರುವಂತೆ ತಂತಿ ಜೋಡಿಸಿ, ಇಲ್ಲವಾದರೆ ಮತ್ತೆ ಅದೇ ಕಿತ್ತಾಟ.

ಇಷ್ಟು ಮಾಡಿದರೂ ಸಣ್ಣ ಸ್ಪೀಕರು ಸೆಕೆಂಡಿಗೆ 53 ಕಂಪನದ ಸದ್ದನ್ನು ಹೊರಡಿಸಲಾರದು. ಕೆಲವು ನೂರು ಕಂಪನಗಳ ಕೆಳಗೆ ಅದರ ಕೈ ಸಾಗುವುದಿಲ್ಲ. ಹಾಗಾದರೆ ಆಲ್ಕೊದ ಗುಡುಗು ಎಲ್ಲಿಂದ ಬರುತ್ತದೆ? ಉತ್ತರ ನೀವು ಈಗ ಕೇಳುತ್ತಿರುವ ರೇಡಿಯೊ ಪೆಟ್ಟಿಗೆಯಲ್ಲೇ ಇದೆ. ಗಂಡಸಿನ ದನಿಯ ಮೂಲ ಕಂಪನ ಸೆಕೆಂಡಿಗೆ ನೂರು, ನೂರಿಪ್ಪತ್ತು. ಜೇಬಿನ ಟ್ರಾನ್ಸಿಸ್ಟರಿನ ಸ್ಪೀಕರು ಅದನ್ನು ಹೊರಡಿಸುವುದಿಲ್ಲವೆಂದೇ ಹೇಳಬೇಕು. ಆದರೂ ನನ್ನ ದನಿ ನಿಮಗೆ ಗಂಡಸಿನ ದನಿಯಾಗಿಯೇ ಕೇಳುತ್ತಿದೆ. ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪಸ್ವರಗಳು ಬರುತ್ತವೆ. ಅವುಗಳ ನಡುವಿನ ಅಂತರವನ್ನು ನೋಡಿ ಮಿದುಳು ಇಲ್ಲದ ಮೂಲವನ್ನು ತಾನೇ ತುಂಬಿಕೊಳ್ಳುತ್ತದೆ. ಇಂಜಿನ್ನಿಗೂ ಇದೇ ನ್ಯಾಯ. 318, 371, 424 ಹೀಗೆ 53ರ ಅಂತರದಲ್ಲಿ ಬರುವ ಸ್ವರಗಳನ್ನು ಸ್ಪೀಕರು ಸ್ವಚ್ಛವಾಗಿ ಕೊಟ್ಟರೆ ಸಾಕು, ಉಳಿದ ಗುಡುಗನ್ನು ಕಿವಿಯೇ ಕಟ್ಟಿಕೊಳ್ಳುತ್ತದೆ. ಮಂದ್ರ ಬೇಕೆಂದು ವಾಲ್ಯೂಮ್ ಏರಿಸಿದರೆ ಪೊರೆ ಹರಿದಂತೆ ಕರಕರ ಎನ್ನುತ್ತದೆ, ಆ ಅಂತರಗಳು ಕಲಸಿಹೋಗುತ್ತವೆ, ಕಿವಿಗೆ ಕಟ್ಟಿಕೊಳ್ಳಲು ಏನೂ ಉಳಿಯುವುದಿಲ್ಲ.

ವಾಲ್ಯೂಮಿಗೆ ಒಂದು ಲೆಕ್ಕವೂ ಇದೆ. ಎಚ್‌ಒ ಮಾದರಿಯಿಂದ ಒಂದು ಮೀಟರು ದೂರ ನಿಂತರೆ, ನಿಜದ ಲೆಕ್ಕದಲ್ಲಿ 87 ಮೀಟರು ದೂರ ನಿಂತಂತೆ. ಸದ್ದು ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಿಂದ 87 ಮೀಟರಿಗೆ ಹೋಗುವಷ್ಟರಲ್ಲಿ 39 ಡೆಸಿಬೆಲ್ ಇಳಿದಿರುತ್ತದೆ. ರೈಲ್ವೆ ಗೇಟಿನಲ್ಲಿ ಮೈಗೆ ತಾಗಿದಂತೆ ಕೇಳುವ ಸದ್ದನ್ನು ಮೇಜಿನ ಮೇಲೆ ತರಲು ಹೊರಟರೆ ತಪ್ಪು. ಸ್ಟೇಷನ್ನಿನ ಈ ತುದಿಯಲ್ಲಿ ನಿಂತು ಆ ತುದಿಯ ಇಂಜಿನ್ನನ್ನು ಕೇಳುವ ಹಾಗೆ ಇರಬೇಕು. ಪಿ.ಜೆ. ಬಡಾವಣೆಯಂತೆ ಗೋಡೆಗೆ ಗೋಡೆ ಹತ್ತಿದ ಮನೆಗಳಿರುವಲ್ಲಿ ಈ ಲೆಕ್ಕ ನೆರೆಹೊರೆಯ ಸ್ನೇಹಕ್ಕೂ ಒಳ್ಳೆಯದು.

ಜೋಡಣೆ ಮುಗಿದ ಮೇಲೆ ಇಂಜಿನ್ನನ್ನು ಮುಖ್ಯ ಹಳಿಯ ಮೇಲೆ ಇಡಬೇಡಿ. ಮೊದಲು ಪ್ರೋಗ್ರಾಮಿಂಗ್ ಹಳಿ ಎಂಬ ಪ್ರತ್ಯೇಕ ತುಂಡಿನ ಮೇಲೆ ಇಡಿ. ಅಲ್ಲಿ ಬಹಳ ಕಡಿಮೆ ವಿದ್ಯುತ್ತು ಹರಿಯುವುದರಿಂದ ಎಲ್ಲಾದರೂ ತಂತಿ ತಾಗಿದ್ದರೂ ಡಿಕೋಡರ್ ಸುಡುವುದಿಲ್ಲ. ಡಿಕೋಡರಿನೊಳಗೆ ಸಿವಿ ಎಂಬ ಸಂಖ್ಯೆ ಹಾಕಿದ ಖಾನೆಗಳಿವೆ. ಒಂದೊಂದರಲ್ಲೂ ಒಂದೊಂದು ಗುಣ ಬರೆದಿರುತ್ತದೆ. ಮೊದಲು ಸಿವಿ 8 ಓದಿಸಿ. ಅದು ತಯಾರಕರ ಗುರುತು: 151 ಬಂದರೆ ಜರ್ಮನಿಯ ಇಎಸ್‌ಯು, 141 ಅಮೆರಿಕದ ಸೌಂಡ್‌ಟ್ರಾಕ್ಸ್, 145 ಆಸ್ಟ್ರಿಯದ ಜಿಮೊ. ಸರಿಯಾದ ಸಂಖ್ಯೆ ಬಂತೆಂದರೆ ಹಳಿಯ ಮತ್ತು ಮೋಟರಿನ ತಂತಿಗಳು ಹಿಡಿದಿವೆ ಎಂದು ಅರ್ಥ. ಸಂಖ್ಯೆಗಳನ್ನು ಬದಲಿಸುತ್ತ ದಾರಿ ತಪ್ಪಿದರೆ ಅನೇಕ ಡಿಕೋಡರುಗಳಲ್ಲಿ ಇದೇ ಸಿವಿ 8ರಲ್ಲಿ 8 ಎಂದು ಬರೆದರೆ ಎಲ್ಲವೂ ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ.

ಆಮೇಲೆ ಇಂಜಿನ್ನಿನ ವಿಳಾಸ. ಕಾರ್ಖಾನೆಯಿಂದ ಬಂದಾಗ ಎಲ್ಲಕ್ಕೂ 3. ಅದನ್ನು ಇಂಜಿನ್ನಿನ ಮೈಮೇಲಿನ ಸಂಖ್ಯೆಗೆ ಬದಲಿಸುವುದು ರೂಢಿ. ಇಲ್ಲೊಂದು ತೊಡಕಿದೆ. ಡಿಸಿಸಿಯಲ್ಲಿ ವಿಳಾಸ 10239ಕ್ಕೆ ಮುಗಿಯುತ್ತದೆ. ಡಬ್ಲ್ಯುಡಿಜಿ-4ರ ಸಂಖ್ಯೆ 12 ಸಾವಿರದಿಂದ ಶುರು, ಡಬ್ಲ್ಯುಡಿಎಂ-2ರದು ಇನ್ನೂ ಮೇಲೆ. ಹಾಗಾಗಿ ಕೊನೆಯ ನಾಲ್ಕು ಅಂಕೆಗಳನ್ನಷ್ಟೇ ಕೊಡುತ್ತೇವೆ. ಮೀಟರ್ ಗೇಜಿನ ವೈಡಿಎಂ-4ಕ್ಕೆ ನಾಲ್ಕೇ ಅಂಕೆ ಇದ್ದದ್ದರಿಂದ ಅದರ ಸಂಖ್ಯೆ ಇಡಿಯಾಗಿ ಹಿಡಿಸುತ್ತದೆ.

ಇನ್ನು ಓಡಿಸುವುದು. ಸದ್ದಿನ ಡಿಕೋಡರನ್ನು ಟೇಪ್ ರೆಕಾರ್ಡರ್ ಎಂದುಕೊಂಡವರು ಇಲ್ಲೇ ಎಡವುತ್ತಾರೆ. ಒಳಗಿರುವುದು ಒಂದು ಉದ್ದನೆಯ ರೆಕಾರ್ಡಿಂಗ್ ಅಲ್ಲ. ಸ್ಟಾರ್ಟ್ ಆಗುವ ಸದ್ದು, ನಿಂತಲ್ಲಿನ ಸದ್ದು, ಒಂದರಿಂದ ಎಂಟರವರೆಗಿನ ಶಕ್ತಿಯ ಮೆಟ್ಟಿಲುಗಳಾದ ನಾಚ್‌ಗಳ ಸದ್ದು, ಒಂದರಿಂದ ಇನ್ನೊಂದಕ್ಕೆ ಏರುವ ಮತ್ತು ಇಳಿಯುವ ಸದ್ದು, ಕಂಪ್ರೆಸರ್, ಗಾಳಿ ಬಿಡುವ ತುಸ್, ಬ್ರೇಕಿನ ಕಿರುಚಾಟ, ಹೀಗೆ ತುಂಡು ತುಂಡು. ಇಎಸ್‌ಯುನ ಐದನೆಯ ತಲೆಮಾರಿನ ಡಿಕೋಡರಿನಲ್ಲಿ ಇವೆಲ್ಲ 16 ಮೆಗಾಬೈಟಿನೊಳಗೆ ಕೂರುತ್ತವೆ. ಮೋಟರಿಗೆ ಕ್ಷಣಾರ್ಧ ವಿದ್ಯುತ್ತು ನಿಲ್ಲಿಸಿ, ತಿರುಗುತ್ತಿರುವ ಮೋಟರು ತಾನೇ ಹುಟ್ಟಿಸುವ ವೋಲ್ಟೇಜನ್ನು ಡಿಕೋಡರ್ ಅಳೆಯುತ್ತದೆ. ಅದರಿಂದ ವೇಗವೂ ಹೊರೆಯೂ ತಿಳಿಯುತ್ತವೆ. ಏರು ಬಂದರೆ ಸದ್ದು ಬಿಗಿಯಾಗುತ್ತದೆ, ಇಳಿಜಾರಿಗೆ ಸಡಿಲವಾಗುತ್ತದೆ.

ನಿಜವಾದ ಲೋಕೊ ಪೈಲಟ್ ಒಂದನೆಯ ನಾಚ್ ಹಾಕಿದ ತಕ್ಷಣ ಗಾಡಿ ಹೊರಡುವುದಿಲ್ಲ. ಮೊದಲು ಯಂತ್ರ ಏರುತ್ತದೆ, ಆಮೇಲೆ ಜನರೇಟರು ಹಿಡಿಯುತ್ತದೆ, ಆಮೇಲೆ ಗಾಡಿ ಅಲುಗುತ್ತದೆ. ಆಲ್ಕೊದಲ್ಲಂತೂ ಎಣ್ಣೆ ಮೊದಲು ಬಂದು ಟರ್ಬೊದ ಗಾಳಿ ತಡವಾಗಿ ಬರುವುದರಿಂದ ಕಪ್ಪು ಹೊಗೆ ಏಳುತ್ತದೆ. ಮಾದರಿಯಲ್ಲೂ ಇದೇ ಕ್ರಮ ಇರಬೇಕು: ಸದ್ದು ಮುಂದೆ, ಚಲನೆ ಹಿಂದೆ. ಅದಕ್ಕೆ ಸಿವಿ 3 ಮತ್ತು ಸಿವಿ 4. ಮೂರನೆಯದು ವೇಗ ಏರುವ ನಿಧಾನ, ನಾಲ್ಕನೆಯದು ಇಳಿಯುವ ನಿಧಾನ. ಎನ್‌ಎಂಆರ್‌ಎ ಲೆಕ್ಕದಲ್ಲಿ ಸಿವಿ 3ರಲ್ಲಿ 40 ಬರೆದರೆ ನಿಂತಲ್ಲಿಂದ ಪೂರ್ಣ ವೇಗಕ್ಕೆ 36 ಸೆಕೆಂಡು ಹಿಡಿಯುತ್ತದೆ. ಕೆಲವು ತಯಾರಕರ ಮಾಪನ ಬೇರೆ. ಕಂಟ್ರೋಲರಿನ ವೇಗದ ಗುಂಡಿ ತಿರುಗಿಸಿ ಕಾಯುವುದನ್ನು ಕಲಿಯಬೇಕು. ನಿಲ್ಲಿಸಬೇಕಾದ ಜಾಗಕ್ಕೆ ಬಹಳ ಮೊದಲೇ ಗುಂಡಿ ಇಳಿಸಬೇಕು. ವೇಗ ಇಳಿಸಿದಾಗ ಯಂತ್ರ ಮೊದಲು ತಣ್ಣಗಾಗಿ, ಗಾಡಿ ಮಾತ್ರ ತನ್ನ ಓಟದಲ್ಲೇ ಉರುಳುತ್ತ ಬರುತ್ತದೆ. ಆಗ ನೋಡುವವರ ಕಣ್ಣಿಗೆ ಆ ಸಣ್ಣ ಪೆಟ್ಟಿಗೆ ಸುಲಭವಾಗಿ ನಿಲ್ಲಲಾರದಷ್ಟು ಭಾರವಾಗಿ ಕಾಣುತ್ತದೆ.

ಹಾರ್ನ್ ಬಗ್ಗೆ ಒಂದು ಮಾತು. ಲೆವೆಲ್ ಕ್ರಾಸಿಂಗಿಗೆ ಮೊದಲು 600 ಮೀಟರು ದೂರದಲ್ಲಿ ಡಬ್ಲ್ಯು/ಎಲ್ ಎಂಬ ಹಳದಿ ಫಲಕ ಇರುತ್ತದೆ. ಅಲ್ಲಿಂದ ಹಾರ್ನ್ ಶುರು. ಮಾದರಿ ಅಳತೆಯಲ್ಲಿ ಅದು ಏಳು ಮೀಟರಿಗೆ ಸ್ವಲ್ಪ ಕಡಿಮೆ. ಅಷ್ಟು ಉದ್ದದ ಕೋಣೆ ಯಾರ ಮನೆಯಲ್ಲಿದೆ! ಒಂದು ಮೀಟರಿನಿಂದಲೇ ಒತ್ತಿ, ಸದ್ದನ್ನು ಮೊಟಕುಗೊಳಿಸಿ, ಕಣ್ಣು ಒಪ್ಪಿಕೊಳ್ಳುತ್ತದೆ.

ನಮ್ಮದೇ ಹಾರ್ನ್ ಬೇಕೆಂದರೆ ರೆಕಾರ್ಡ್ ಮಾಡಿ ಡಿಕೋಡರಿಗೆ ತುಂಬುವ ಉಪಕರಣಗಳಿವೆ. ಆದರೆ ಗೇಟಿನ ಹೊರಗೆ ನಿಂತು ಓಡುವ ಗಾಡಿಯನ್ನು ಹಿಡಿದರೆ ಕೆಲಸಕ್ಕೆ ಬಾರದು. ಗಂಟೆಗೆ 100 ಕಿ.ಮೀ. ವೇಗದ ಗಾಡಿ ಎದುರು ಹಾಯುವಾಗ ಹಾರ್ನಿನ ಸ್ಥಾಯಿ ಹೆಚ್ಚುಕಡಿಮೆ ಕೋಮಲ ಗಾಂಧಾರದಿಂದ ಷಡ್ಜಕ್ಕೆ ಜಾರುತ್ತದೆ. ಆ ಜಾರು ಕೇಳುವವನ ಜಾಗಕ್ಕೆ ಸೇರಿದ್ದು, ಇಂಜಿನ್ನಿಗೆ ಸೇರಿದ್ದಲ್ಲ. ನಿಂತ ಇಂಜಿನ್ನಿನ ಸದ್ದೇ ಬೇಕು, ಅದಕ್ಕೆ ರೈಲ್ವೆಯವರ ಅನುಮತಿಯೂ ಬೇಕು. ನಿಂತಲ್ಲಿನ ಸದ್ದನ್ನು ಕತ್ತರಿಸುವಾಗ ನಾನು ಮೊದಲು ಹೇಳಿದ ಎರಡು ಸುತ್ತಿನ ತಾಳಕ್ಕೆ ಸರಿಯಾಗಿ ಕತ್ತರಿಸಬೇಕು. ತಾಳದ ನಡುವೆ ಕತ್ತರಿಸಿದರೆ ಮರುಕಳಿಸಿದಾಗಲೆಲ್ಲ ಇಂಜಿನ್ ಕುಂಟುತ್ತದೆ.

ಈ ಕೆಲಸಕ್ಕೆ ಈಗ ಅವಸರವೂ ಬಂದಿದೆ. 2023ರ ಜೂನ್ 27ರಂದು ಧಾರವಾಡ-ಬೆಂಗಳೂರು ವಂದೇ ಭಾರತ್ ಶುರುವಾಗಿ ದಾವಣಗೆರೆಯಲ್ಲಿ ನಿಲ್ಲತೊಡಗಿತು. ಅದು ವಿದ್ಯುತ್ ಗಾಡಿ. ತಲೆಯ ಮೇಲೆ ತಂತಿ ಬಂದ ಮೇಲೆ ಡೀಸೆಲ್ಲಿನ ಕೆಲಸ ಕಡಿಮೆಯಾಗುತ್ತಿದೆ, ಆಲ್ಕೊ ಇಂಜಿನ್‌ಗಳು ಒಂದೊಂದಾಗಿ ಸೇವೆಯಿಂದ ಹೋಗುತ್ತಿವೆ. 1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವಿರಲಿ, 2020ರಲ್ಲಿ ತೆರೆದ ಹುಬ್ಬಳ್ಳಿಯದಿರಲಿ, ಅಲ್ಲಿ ಹಳೆಯ ಇಂಜಿನ್ನಿನ ಮೈಯನ್ನು ಉಳಿಸಬಹುದು. ನಾಲ್ಕನೆಯ ನಾಚ್‌ನಿಂದ ಐದಕ್ಕೆ ಏರುವಾಗಿನ ಸದ್ದನ್ನು ಉಳಿಸಲು ಯಾರಾದರೂ ಮೈಕ್ ಹಿಡಿದಿರಲೇಬೇಕು.

ಕೊನೆಗೆ, ಎಲ್ಲ ಸರಿಹೋಯಿತೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ. ಕಾರ್ಖಾನೆಯಿಂದ ಬಂದ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ, ಆ ಅರ್ಧವನ್ನೂ ಇನ್ನಷ್ಟು ಇಳಿಸಿ. ಮನೆಗೆ ಬಂದವರ ಮುಂದೆ ಇಂಜಿನ್ನನ್ನು ನಿಧಾನವಾಗಿ ಹೊರಡಿಸಿ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಅವರು ಕೇಳಿದರೆ ಇನ್ನೂ ಜೋರಾಗಿದೆ ಎಂದು ತಿಳಿಯಿರಿ. ಈ ಇಂಜಿನ್ ಎಷ್ಟು ಭಾರ ಇದೆ ಎಂದು ಕೇಳಿದರೆ ಸ್ಕ್ರೂ ಬಿಗಿದು ಮೇಲ್ಕವಚ ಮುಚ್ಚಿಬಿಡಿ, ನಿಮ್ಮ ಕೆಲಸ ಮುಗಿದಿದೆ.